ವರ್ಷ ದಾಟಿದ 5.1 ಸೆಟ್: ಮುಂದೆ ಸೊಗಸು, ಪಕ್ಕದಲ್ಲಿ ಖಾಲಿ

ವಾಟ್, ಬ್ಲೂಟೂತ್, ರಿಮೋಟ್ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಆ ಕಡೆ ಹೋಗುವುದಿಲ್ಲ. ಈ 5.1 ಸೆಟ್ಟಿನ (ಮುಂದೆ ಎಡ ಬಲಕ್ಕೆ ಎರಡು, ನಡುವೆ ಒಂದು, ಹಿಂದೆ ಎರಡು ಸ್ಪೀಕರ್, ಜತೆಗೆ ದಪ್ಪ ಸದ್ದಿಗೊಂದು ಸಬ್‌ವೂಫರ್) ಬಗ್ಗೆ ನನ್ನ ತಕರಾರು ಒಂದೇ: ಪಕ್ಕದಿಂದ ಶಬ್ದ ಬರುವುದಿಲ್ಲ.

ಹೆಲಿಕಾಪ್ಟರ್ ಎಡಗಡೆಯಿಂದ ಹಿಂದಕ್ಕೆ ಹೋಗುವ ದೃಶ್ಯ ಹಾಕಿ ನೋಡಿ. ಟಿವಿ ಬಳಿಯ ಸ್ಪೀಕರಿನಲ್ಲಿ ಇದ್ದದ್ದು ಟಕ್ಕನೆ ಬೆನ್ನ ಹಿಂದೆ ಹಾರುತ್ತದೆ. ನಡುವೆ ದಾರಿಯೇ ಇಲ್ಲ. ಸರ್ವಿಸ್ ಹುಡುಗನನ್ನು ಕರೆಸಿದೆ. "ಎಲ್ಲಾ ಸರಿಯಾಗಿದೆ ಸಾರ್" ಅಂದ. ಅವನು ಹೇಳಿದ್ದೂ ನಿಜವೇ. ನೇರ ಎದುರಿನಿಂದ ಅಳೆದರೆ ಮುಂದಿನ ಎಡ ಬಲದ ಸ್ಪೀಕರ್ 30 ಡಿಗ್ರಿಗೆ, ಹಿಂದಿನವು 110ಕ್ಕೆ, ಇರಬೇಕಾದ ಜಾಗದಲ್ಲೇ ಇವೆ. ತೊಂದರೆ ಕಿವಿಯದು. ಎರಡು ಕಿವಿಗೂ ಶಬ್ದ ತಲುಪುವ ಹೊತ್ತಿನಲ್ಲಿ, ಜೋರಿನಲ್ಲಿ ಇರುವ ವ್ಯತ್ಯಾಸದಿಂದ ತಾನೆ ಎಡ ಬಲ ಗೊತ್ತಾಗುವುದು? ಆ ಹೊತ್ತಿನ ವ್ಯತ್ಯಾಸ ಒಂದು ಮಿಲಿಸೆಕೆಂಡೂ ಇಲ್ಲ. ಎರಡು ಸ್ಪೀಕರೂ ಒಂದೇ ಕಿವಿಯ ಕಡೆ ಇದ್ದರೆ, ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸಿದರೂ ಲೆಕ್ಕ ಕೂಡುವುದಿಲ್ಲ.

ಒಂದು ದಿನ ಸುಮ್ನೆ ಕುರ್ಚಿ ತಿರುಗಿಸಿ ಎಡಗೋಡೆಗೆ ಮುಖ ಮಾಡಿ ಕೂತೆ. ಅದೇ ಹೆಲಿಕಾಪ್ಟರ್ ಗೋಡೆಯುದ್ದಕ್ಕೂ ಹೋಯಿತು! ಈಗ ಒಂದು ಸ್ಪೀಕರ್ ನನ್ನ ಬಲಕ್ಕೆ, ಇನ್ನೊಂದು ಎಡಕ್ಕೆ ಬಂತಲ್ಲ. "ಏನ್ರೀ, ಗೋಡೆ ನೋಡ್ತಾ ಕೂತಿದ್ದೀರಾ?" ಅಂದಳು ಹೆಂಡತಿ.

ಇಷ್ಟು ಬೈದರೂ ಮಾರುವ ಮನಸ್ಸಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು, ಮಿಕ್ಕಿದ್ದೆಲ್ಲ ಆಫ್ ಮಾಡಿ, ಮುಂದಿನ ಎರಡೇ ಸ್ಪೀಕರಿನಲ್ಲಿ ಕಛೇರಿ ಕೇಳುತ್ತೇನೆ. ಸೋಫಾದ ನಟ್ಟನಡುವೆ ಕೂರಬೇಕು, ಟೇಪ್ ಹಿಡಿದು ಅಳೆದ ಜಾಗ ಅದು. ಯಾವ ಸ್ಪೀಕರೂ ನುಡಿಯದ ಕಡೆ, ಟಿವಿ ಎದುರಿಗೆ, ವೀಣೆ ಕೂತಿರುತ್ತದೆ. ಅದರ ಬಲಕ್ಕೆ ಒಂದು ಗೇಣು ದೂರದಲ್ಲಿ ಮೃದಂಗ. ಲೋಟ ಇಡಲು ಎಡಕ್ಕೆ ವಾಲಿದರೆ ವೀಣೆಯೂ ಜತೆಗೇ ಎಡಕ್ಕೆ ಸರಿಯುತ್ತದೆ. ಒಂದಡಿ ಹತ್ತಿರವಾದ ಸ್ಪೀಕರಿನ ಶಬ್ದ ಸುಮಾರು 0.9 ಮಿಲಿಸೆಕೆಂಡ್ ಮೊದಲೇ ಬರುತ್ತದೆ. ಮೊದಲು ಬಂದದ್ದನ್ನೇ ಕಿವಿ ನಂಬುವುದು. ಸಿನಿಮಾಕ್ಕೆ ಸೆಂಟರ್ ಸ್ಪೀಕರ್ ಬೇಕಾಗುವುದು ಇದಕ್ಕೇ. ಮೂಲೆ ಕುರ್ಚಿ ಬಿಡದ ನಮ್ಮತ್ತೆಗೂ ಮಾತು ಟಿವಿಯಿಂದಲೇ ಕೇಳಿಸುತ್ತದೆ.

ಅಂಗಡಿಯವರು 7.1 ತಗೊಳ್ಳಿ ಅಂತಾರೆ. ಪಕ್ಕಕ್ಕೇ ಒಂದೊಂದು ಸ್ಪೀಕರ್ ಬರುವುದರಿಂದ ಈ ತಾಪತ್ರಯ ಕಡಿಮೆಯಾಗುವುದು ಹೌದು. ಆದರೆ ಆಂಪ್ಲಿಫೈಯರೂ ಬದಲಾಗಬೇಕು, ನಮ್ಮ ಬಲಗಡೆ ಬಾಲ್ಕನಿ ಬಾಗಿಲು ಬೇರೆ. ಸಿನಿಮಾ ಜಾಸ್ತಿ ನೋಡುವವರು, ಎರಡೂ ಪಕ್ಕ ಗೋಡೆ ಇರುವವರು ದುಡ್ಡು ಕೂಡಿಟ್ಟು ಅದನ್ನೇ ತಗೊಳ್ಳಿ. ಹಾಡು ಕೇಳುವವರಿಗೆ ಇದು ಸಾಕು. ನನ್ನ ಕಡೆಯಿಂದ ಮೂರೂವರೆ ಸ್ಟಾರ್.