ಬೋರ್ಡು ಬಿಡಿ, ಓನರ್ ನೋಡಿ: ಟೋಕಿಯೊದಲ್ಲಿ ಮಕ್ಕಳ ಇಂಗ್ಲಿಷ್ ಶಾಲೆಯ ಕೆಲಸ

ಐದಕ್ಕೆ ಮೂರೂವರೆ ನಕ್ಷತ್ರ. ಮಕ್ಕಳಿಗಷ್ಟೇ ಅಂದರೆ ಐದಕ್ಕೆ ಐದೂ ಕೊಡ್ತೀನಿ. ಉಳಿದದ್ದು ಕೈಗೆ ಬರೋ ದುಡ್ಡಿನ ಲೆಕ್ಕ ಹಾಕಿದಾಗ ಕಳೆದುಹೋಯ್ತು.

ಟೋಕಿಯೊದಲ್ಲಿ ಭಾರತೀಯರು ಹೆಚ್ಚಾಗಿರೋ ನಿಶಿ-ಕಸಾಯ್ ಸುತ್ತಮುತ್ತ ಇರೋ ನಮ್ಮವರಿಗೆ ಈ ಕೆಲಸ ಗೊತ್ತಿರೋದೇ. ಗಂಡನ ಐಟಿ ಕೆಲಸಕ್ಕೆ ಅಂತ ಡಿಪೆಂಡೆಂಟ್ ವೀಸಾದಲ್ಲಿ ಬಂದಿರ್ತೀವಿ. ಮನೇಲಿ ಕೂತು ಬೇಜಾರಾದ ಹೊತ್ತಿಗೆ ಯಾರೋ ಒಬ್ಬರು "ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಕೆ ಜನ ಬೇಕಂತೆ" ಅಂತಾರೆ. ನಾನು ತಿಪಟೂರಿನವಳು, ಬಿ.ಎಡ್ ಮಾಡಿ ಬೆಂಗಳೂರಿನ ವಿಜಯನಗರದಲ್ಲಿ ಪ್ರೈಮರಿ ಟೀಚರ್ ಆಗಿದ್ದೆ. ಇಲ್ಲಿ ಒಂದು ಫ್ರಾಂಚೈಸಿ ಶಾಲೆಯ ಬ್ರಾಂಚಿನಲ್ಲಿ ಎರಡನೇ ವರ್ಷ ನಡೀತಿದೆ. ಹೆಸರು ಬರೆಯಲ್ಲ. ಬರೆದರೂ ನಿಮಗೆ ಪ್ರಯೋಜನ ಇಲ್ಲ, ಯಾಕಂದ್ರೆ ಬೋರ್ಡು, ಪುಸ್ತಕ, ಹಾಡು, ಗೊಂಬೆ ಇಷ್ಟೇ ಕಂಪನಿಯದು. ಜಾಗ ಓನರ್‌ದು, ಸಂಬಳ ಓನರ್ ಜೇಬಿನದು, ಕಾಂಟ್ರಾಕ್ಟಿನಲ್ಲಿ ಸಹಿ ಹಾಕೋದೂ ಓನರೇ.

ನನ್ನ ಓನರಮ್ಮ ಒಳ್ಳೆಯವರು. ಅದೇ ಬೋರ್ಡಿನ ಇನ್ನೊಂದು ಬ್ರಾಂಚಿಗೆ ಸೇರಿದ ಹುಬ್ಬಳ್ಳಿಯ ಗೆಳತಿಯ ಕಾಂಟ್ರಾಕ್ಟಿನಲ್ಲಿ ಮಾತ್ರ "ಮಾರ್ಚ್‌ಗಿಂತ ಮೊದಲೇ ಬಿಟ್ಟರೆ ಒಂದು ಲಕ್ಷ ಯೆನ್ ದಂಡ" ಅಂತ ಇತ್ತು. ಇಲ್ಲಿನ ಕಾರ್ಮಿಕ ಮಾನದಂಡ ಕಾಯ್ದೆಯ 16ನೇ ವಿಧಿ ಪ್ರಕಾರ, ಕೆಲಸ ಬಿಟ್ಟರೆ ಇಷ್ಟು ಕಟ್ಟು ಅಂತ ಮೊದಲೇ ಬರೆಸಿಕೊಳ್ಳೋ ಹಾಗಿಲ್ಲ. ಅದನ್ನ ತೋರಿಸಿದ ಮೇಲೆ ಆ ಓನರ್ ದಂಡದ ಮಾತೇ ಎತ್ತಲಿಲ್ಲ. ಅವಳೂ ಅಲ್ಲಿ ಉಳಿಯಲಿಲ್ಲ.

ಕೆಲಸ ಹೇಗಿರುತ್ತೆ ಅಂದ್ರೆ, ಮಧ್ಯಾಹ್ನ ಎರಡೂವರೆಗೆ ಶುರು. ಮೊದಲು ಅಮ್ಮನ ಸೆರಗು ಬಿಡದ ಮೂರು ವರ್ಷದವು, ಸಂಜೆಗೆ ಪ್ರೈಮರಿ ಮಕ್ಕಳು. ಒಂದು ಕ್ಲಾಸಿಗೆ ಎಂಟು ಮಕ್ಕಳು. ವಿಜಯನಗರದಲ್ಲಿ ನಲವತ್ತೈದು ಮಕ್ಕಳನ್ನ ಸಂಭಾಳಿಸಿದವಳಿಗೆ ಎಂಟು ಅಂದ್ರೆ ರಜೆ ಸಿಕ್ಕಿದ ಹಾಗೆ ಅಂದ್ಕೊಂಡಿದ್ದೆ. ಇಲ್ಲ. ಐವತ್ತು ನಿಮಿಷವೂ ನೀವೇ ಕುಣೀಬೇಕು, ನೀವೇ ಹಾಡಬೇಕು, ಗಾಜಿನ ಆಚೆ ಅಮ್ಮಂದಿರು ಕೂತು ನೋಡ್ತಿರ್ತಾರೆ. ಯಾವ ನಿಮಿಷಕ್ಕೆ ಯಾವ ಕಾರ್ಡು ಎತ್ತಬೇಕು ಅಂತ ಕಂಪನಿಯ ಪುಸ್ತಕದಲ್ಲೇ ಇರುತ್ತೆ.

ಅಮ್ಮಂದಿರ ಅವಸರಕ್ಕೆ ಕಾರಣ ಇದೆ. 2020ರ ಏಪ್ರಿಲ್‌ನಿಂದ ಇಲ್ಲಿನ ಪ್ರೈಮರಿಯಲ್ಲಿ ಐದು, ಆರನೇ ಕ್ಲಾಸಿಗೆ ಇಂಗ್ಲಿಷ್ ಅಂಕ ಕೊಡೋ ವಿಷಯವಾಯ್ತು, ಮೂರನೇ ಕ್ಲಾಸಿನಿಂದಲೇ ಚಟುವಟಿಕೆಯ ರೂಪದಲ್ಲಿ ಶುರುವಾಗುತ್ತೆ. ಇದರ ಜೊತೆಗೆ ಏಕೆನ್ ಅನ್ನೋ ಇಲ್ಲಿನ ಇಂಗ್ಲಿಷ್ ಮಟ್ಟದ ಪರೀಕ್ಷೆಯ ಹುಚ್ಚು. ಹಾಗಾಗಿ "ಉಚಿತ ಪ್ರಯೋಗ ಪಾಠ" ಅಂತ ಒಂದು ಇರುತ್ತೆ, ನಮ್ಮ ಮಟ್ಟಿಗೆ ಅದು ಶುದ್ಧ ವ್ಯಾಪಾರ. ಆ ದಿನ ಮಗು ಅತ್ತು, ಸೇರದೆ ಹೋದರೆ ಎಲ್ಲರೂ ನಿಮ್ಮ ಮುಖ ನೋಡ್ತಾರೆ.

ಒಂದು ಪಾಠಕ್ಕೆ 1,500 ಯೆನ್ ಅಂದಿದ್ದರು. ಟೋಕಿಯೊದಲ್ಲಿ ಆಗ ಕನಿಷ್ಠ ಕೂಲಿ ಗಂಟೆಗೆ 1,163 ಯೆನ್, ಹಾಗಾಗಿ ಪರವಾಗಿಲ್ಲ ಅನ್ನಿಸಿತ್ತು. ಆದರೆ ಪಾಠಕ್ಕೆ ಮೊದಲು ಕಾರ್ಡು ಜೋಡಿಸಬೇಕು, ಆಮೇಲೆ ಆಟಿಕೆ ಒರೆಸಬೇಕು, ಒಬ್ಬೊಬ್ಬ ಮಗುವಿನ ಪುಸ್ತಕದಲ್ಲೂ ಅಮ್ಮನಿಗೆ ಎರಡು ಸಾಲು ಬರೀಬೇಕು. ಎಲ್ಲ ಸೇರಿ 75 ನಿಮಿಷ. ಅಂದ್ರೆ ಗಂಟೆಗೆ 1,200. 2025ರ ಅಕ್ಟೋಬರ್‌ನಲ್ಲಿ ಕನಿಷ್ಠ ಕೂಲಿ 1,226ಕ್ಕೆ ಏರಿದಾಗ ನಾನು ಅದಕ್ಕಿಂತ ಕೆಳಗೆ ಬಿದ್ದೆ! ಲೆಕ್ಕ ಬರೆದು ಓನರಮ್ಮನ ಮುಂದೆ ಇಟ್ಟೆ. ಅವರು ಕ್ಯಾಲ್ಕುಲೇಟರ್ ತಗೊಂಡು ಎರಡು ಸಲ ಒತ್ತಿ ನೋಡಿ, ಮುಂದಿನ ತಿಂಗಳಿಂದ 1,700 ಮಾಡಿದರು. ಎಲ್ಲ ಓನರೂ ಹೀಗೆ ಮಾಡ್ತಾರೆ ಅಂತ ನಂಬ್ಕೊಂಡು ಹೋಗಬೇಡಿ.

ಇನ್ನು ವೀಸಾ. ಡಿಪೆಂಡೆಂಟ್‌ಗಳು ಇಮಿಗ್ರೇಶನ್‌ನಲ್ಲಿ ಅನುಮತಿ ತಗೊಂಡರೆ ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ಇದಕ್ಕೆ ಶುಲ್ಕ ಇಲ್ಲ, ರೆಸಿಡೆನ್ಸ್ ಕಾರ್ಡಿನ ಹಿಂದೆ ಮುದ್ರೆ ಒತ್ತಿ ಕೊಡ್ತಾರೆ. ಎರಡು ಕಡೆ ಕೆಲಸ ಮಾಡಿದರೂ ಸೇರಿಸಿ 28. ಆದರೆ ಅಷ್ಟು ದೂರ ಹೋಗೋ ಮೊದಲೇ ಇನ್ನೊಂದು ಗೋಡೆ ಅಡ್ಡ ಬರುತ್ತೆ: ವರ್ಷದ ಗಳಿಕೆ 13 ಲಕ್ಷ ಯೆನ್. ಅದನ್ನ ಮುಟ್ಟಿದರೆ ಗಂಡನ ಆರೋಗ್ಯ ವಿಮೆಯಿಂದ ಹೊರಗೆ, ವಿಮೆ ಮತ್ತು ಪಿಂಚಣಿ ನಾವೇ ಕಟ್ಟಬೇಕು. 1,700ರ ಲೆಕ್ಕದಲ್ಲಿ ವಾರಕ್ಕೆ ಹದಿನಾಲ್ಕು ಪಾಠಕ್ಕೆ ನಿಲ್ಲಿಸಬೇಕು. ನಾನು ಅಲ್ಲೇ ನಿಂತಿದ್ದೀನಿ. ಪಾರ್ಟ್‌ಟೈಮಿನವರಿಗೂ ಆರು ತಿಂಗಳಾದ ಮೇಲೆ ಸಂಬಳದ ರಜೆ ಇದೆ, ವಾರಕ್ಕೆ ನಾಲ್ಕು ದಿನ ಹೋಗೋರಿಗೆ ಏಳು ದಿನ. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ.

ಪೂರ್ತಿ ಕೆಲಸದ ಆಫರ್ ಇನ್ನೊಂದು ದೊಡ್ಡ ಚೈನ್‌ನಿಂದ ಬಂದಿತ್ತು, ತಿಂಗಳಿಗೆ ಎರಡೂವರೆ ಲಕ್ಷ ಯೆನ್. ಅರ್ಜಿ ನೋಡಿದರೆ, 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ವೀಸಾಕ್ಕೆ ದಾಖಲೆ ಬೇಕಂತೆ. ನಾನು ಏಳನೇ ಕ್ಲಾಸಿನವರೆಗೆ ಸರ್ಕಾರಿ ಕನ್ನಡ ಶಾಲೆ. ಹೈಸ್ಕೂಲು, ಪಿಯುಸಿ, ಡಿಗ್ರಿ, ಬಿ.ಎಡ್ ಎಲ್ಲ ಕೂಡಿಸಿದರೂ ಹನ್ನೆರಡು ಆಗಲ್ಲ. ಊರಿನಿಂದಲೇ ನೇರವಾಗಿ ಜಪಾನಿಗೆ ಅರ್ಜಿ ಹಾಕಬೇಕು ಅಂತಿರೋರು ಏಜೆಂಟ್‌ಗೆ ದುಡ್ಡು ಕೊಡೋ ಮೊದಲು ಇದೊಂದು ಲೆಕ್ಕ ಹಾಕಿ. ಸಿಕ್ಕೋರು ಇನ್ನೂ ಎರಡು ವಿಷಯ ನೋಡಿ. ಐವತ್ತು ಜನದೊಳಗಿನ ಸಣ್ಣ ಕಂಪನಿಯ ಕಾಂಟ್ರಾಕ್ಟಿನಲ್ಲಿ ವಾರಕ್ಕೆ 29.5 ಗಂಟೆ ಅಂತ ಇದ್ದರೆ, ನಿಮ್ಮ ವಿಮೆಗೆ ತಾನು ಕಟ್ಟಬೇಕಾದ ಪಾಲನ್ನ ಕಂಪನಿ ಉಳಿಸ್ತಿರಬಹುದು. ಎರಡನೇ ವರ್ಷದ ಜೂನ್‌ನಿಂದ ನಿವಾಸ ತೆರಿಗೆ ಶುರುವಾಗುತ್ತೆ, ಮೊದಲ ವರ್ಷದ ಸಂಬಳ ನೋಡಿ ಮನೆ ಮಾಡಬೇಡಿ.

ದೊಡ್ಡ ಹೆಸರು ಅಂದ್ರೆ ಭದ್ರ ಅನ್ನೋರಿಗೆ ನೋವಾ ಕಥೆ ಹೇಳ್ತೀನಿ. ದೇಶದ ಅತಿ ದೊಡ್ಡ ಇಂಗ್ಲಿಷ್ ಚೈನ್ ಆಗಿತ್ತು, 2007ರ ಅಕ್ಟೋಬರ್‌ನಲ್ಲಿ ಕುಸಿದಾಗ ಸಾವಿರಾರು ವಿದೇಶಿ ಟೀಚರ್‌ಗಳಿಗೆ ಸಂಬಳ ಬರಲಿಲ್ಲ. ಬೋರ್ಡು ಮಾತ್ರ ಬೇರೆಯವರ ಕೈಗೆ ಹೋಗಿ ಇವತ್ತಿಗೂ ಇದೆ.

ನಮ್ಮ ಬಣ್ಣ, ನಮ್ಮ ಉಚ್ಚಾರದ ಪ್ರಶ್ನೆ ಎಲ್ಲರೂ ಕೇಳ್ತಾರೆ. ಜಾಹೀರಾತಿನಲ್ಲಿ ಕೆಂಚು ಕೂದಲಿನ ಹುಡುಗಿಯ ಫೋಟೋ ಇರುತ್ತೆ, ಬಾಗಿಲು ತೆಗೆದರೆ ನಾನು ನಿಂತಿರ್ತೀನಿ. ಒಂದಿಬ್ಬರು ಅಮ್ಮಂದಿರ ಮುಖ ಇಳಿದದ್ದು ನೋಡಿದ್ದೀನಿ. ಇನ್ನುಳಿದವರಿಗೆ ಭಾರತೀಯರೆಲ್ಲ ಹತ್ತೊಂಬತ್ತರ ಮಗ್ಗಿ ಬಾಯಲ್ಲೇ ಹೇಳ್ತಾರೆ ಅನ್ನೋ ನಂಬಿಕೆ. ಹೇಳಿ ತೋರಿಸಿದ್ದೀನಿ, ಎರಡು ಅಡ್ಮಿಶನ್ ಆಯ್ತು.

ಐದು ವರ್ಷದ ಒಬ್ಬ ಹುಡುಗ ಇದ್ದ. ಬಣ್ಣದ ಕಾರ್ಡು ತೋರಿಸಿದರೆ ಮುಖ ತಿರುಗಿಸ್ತಿದ್ದ. ರೈಲು ಅಂದ್ರೆ ಪ್ರಾಣ. ಒಂದು ದಿನ ಮೆಟ್ರೊ ನಕ್ಷೆ ಹಾಸಿದೆ: ತೋಜಾಯ್ ಲೈನು ತಿಳಿನೀಲಿ, ಮರುನೊಉಚಿ ಕೆಂಪು, ಗಿಂಜಾ ಕಿತ್ತಳೆ, ಚಿಯೊದಾ ಹಸಿರು. ಎಲ್ಲ ಬಣ್ಣವನ್ನೂ ಇಂಗ್ಲಿಷ್‌ನಲ್ಲಿ ಕೂಗಿದ, ಕ್ಲಾಸೂ ಅವನ ಜೊತೆ ಕೂಗಿತು. ಕಂಪನಿಯ ಇನ್‌ಸ್ಪೆಕ್ಟರ್ ಬಂದಾಗ ನಕ್ಷೆ ನೋಡಿ "ಇದು ನಮ್ಮ ಸಾಮಗ್ರಿ ಅಲ್ಲ" ಅಂತ ತೆಗೆಸೋಕೆ ಹೇಳಿದರು. ಓನರಮ್ಮ ಚಹಾ ಕೊಟ್ಟು, ನಗ್ತಾ, ತೆಗೀಲಿಲ್ಲ. ನನ್ನ ಮೂರೂವರೆ ನಕ್ಷತ್ರದಲ್ಲಿ ಒಂದು ಅದಕ್ಕೇ.

ಸೇರೋ ಮೊದಲು ಒಂದು ಕ್ಲಾಸು ಹಿಂದೆ ಕೂತು ನೋಡ್ತೀನಿ ಅಂತ ಕೇಳಿ. ಬೇಡ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಹಿಂದಿನ ಟೀಚರ್ ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು ಅಂತ ವಿಚಾರಿಸಿ. ಕಾಂಟ್ರಾಕ್ಟನ್ನ ಮನೆಗೆ ತಂದು ಓದಿ. ಹ್ಯಾಲೊವೀನ್ ವೇಷದ ಖರ್ಚು ಯಾರದು ಅಂತಲೂ ಕೇಳಿ, ನನಗೆ ಮಾಟಗಾತಿ ಟೋಪಿ ನನ್ನ ದುಡ್ಡಿನಲ್ಲೇ ಬಂತು.

ಏಪ್ರಿಲ್‌ನಿಂದ ನಾನು ಶನಿವಾರದ ಕ್ಲಾಸು ಬಿಡ್ತಿದ್ದೀನಿ, ಓನರಮ್ಮ ಒಪ್ಪಿದ್ದಾರೆ. ಕಸಾಯ್ ಕಡೆ ಶನಿವಾರ ಬಿಡುವಿರೋರು ಯಾರಾದರೂ ಇದ್ದರೆ ತಿಳಿಸಿ, ಪರಿಚಯ ಮಾಡಿಸ್ತೀನಿ. ಬಿ.ಎಡ್ ಬೇಕಿಲ್ಲ, ಜೋರಾಗಿ ಹಾಡೋಕೆ ನಾಚಿಕೆ ಇರಬಾರದು ಅಷ್ಟೆ.