ಮಡಿಕೇರಿಯ ಒಂದು ಆಪ್ತಸಮಾಲೋಚನಾ ಕೊಠಡಿ: ಆರು ಭೇಟಿಗಳ ನಂತರ

ಕಳೆದ ಮಳೆಗಾಲದಲ್ಲಿ ಮಡಿಕೇರಿಯ ಖಾಸಗಿ ಆಪ್ತಸಮಾಲೋಚಕಿಯೊಬ್ಬರನ್ನು ಆರು ಬಾರಿ ಕಂಡೆ. ಕೆಲವು ದೂರುಗಳನ್ನೂ ಹೇಳಲಿಕ್ಕಿರುವುದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಂದೆ ತೀರಿಕೊಂಡ ಮೇಲೆ ತೋಟದ ಪಾಲಿನ ವಿಚಾರದಲ್ಲಿ ತಮ್ಮನೊಂದಿಗೆ ಮಾತು ನಿಂತುಹೋಗಿತ್ತು; ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಹಂಚಿನ ಮೇಲಿನ ಮಳೆಯನ್ನು ಕೇಳುತ್ತ ಮಲಗಿರುವುದು ಅಭ್ಯಾಸವಾಗಿಬಿಟ್ಟಿತ್ತು. ಕಾರಣವಿಲ್ಲದೆ ಮೇಸ್ತ್ರಿಯ ಮೇಲೆ ರೇಗಿದ ದಿನ ನನ್ನ ಪತ್ನಿ 14416ಕ್ಕೆ ಕರೆ ಮಾಡಿಸಿದಳು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಎದುರು ಕುಳಿತು ಮಾತನಾಡುವುದು ಒಳ್ಳೆಯದೆಂದು ಅವರು ಹೇಳಿದ ಮೇಲೆಯೇ ನಾನು ಮಡಿಕೇರಿಯ ಬಸ್ಸು ಹತ್ತಿದ್ದು.

ಮೊದಲ ದಿನವೇ ಆಪ್ತಸಮಾಲೋಚಕಿಯವರು ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿದರು. ಅವರು ಔಷಧಿ ಬರೆದುಕೊಡುವವರಲ್ಲ, ಅದರ ಅಗತ್ಯ ಕಂಡರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟರೆ ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಅನಂತರ ಅವರು ಬುದ್ಧಿವಾದ ಹೇಳಬಹುದೆಂದು ಕಾದೆ, ಹೇಳಲಿಲ್ಲ. ನಮ್ಮ ಕಡೆ ಹಿರಿಯರ ಮುಂದೆ ಕಷ್ಟ ಹೇಳಿಕೊಂಡರೆ ಅರ್ಧ ಮಾತಿಗೇ ತೀರ್ಪು ಬಂದುಬಿಡುತ್ತದೆ. ಐವತ್ತು ನಿಮಿಷ ಅಡ್ಡ ಬಾರದೆ ಕೇಳಿಸಿಕೊಳ್ಳುವವರನ್ನು ನಾನು ಕಂಡದ್ದು ಅದೇ ಮೊದಲು. ತಂದೆಯ ಕೊನೆಯ ದಿನಗಳ ಮಾತು ಬಂದಾಗ ನನಗೆ ಕನ್ನಡದಲ್ಲಿ ವಾಕ್ಯ ಕೂಡಿಬರಲಿಲ್ಲ. "ಮನೆಯ ಭಾಷೆಯಲ್ಲೇ ಹೇಳಿ ಸರ್, ಅರ್ಥವಾಗದಿದ್ದರೆ ಕೇಳುತ್ತೇನೆ" ಎಂದರು. ಅರೆಭಾಷೆಯಲ್ಲಿ ಹೇಳಿದೆ. ಅವರು ಒಂದೇ ಒಂದು ಪದದ ಅರ್ಥ ಕೇಳಿದರು.

ಅವರು ಕೊಟ್ಟ ಕೆಲಸ ಸರಳವಾಗಿತ್ತು. ನಿದ್ರೆ ಬಾರದೆ ಇಪ್ಪತ್ತು ನಿಮಿಷ ಕಳೆಯಿತು ಅನ್ನಿಸಿದರೆ ಹಾಸಿಗೆ ಬಿಟ್ಟೆದ್ದು ಬೇರೆ ಕೋಣೆಯಲ್ಲಿ ಕುಳಿತುಕೊಳ್ಳಬೇಕು, ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ಸಂಜೆಯ ಹೊತ್ತು ಪುಸ್ತಕದ ಎಡಬದಿಗೆ ಹಿಂದಿನ ರಾತ್ರಿಯ ಯೋಚನೆಯನ್ನೂ ಬಲಬದಿಗೆ ಅದರ ಬಗ್ಗೆ ನಾಳೆ ಮಾಡಬಹುದಾದ ಕೆಲಸವನ್ನೂ ಬರೆಯಬೇಕು. ಕೂಲಿ ಲೆಕ್ಕದ ಹಳೆಯ ಪುಸ್ತಕವೊಂದರ ಕೊನೆಯ ಹಾಳೆಗಳಲ್ಲಿ ಬರೆದೆ. ಮೊದಲ ವಾರ ಎಡಬದಿಯಲ್ಲಿ ಹನ್ನೊಂದು ಸಾಲುಗಳಾದವು. ಅವುಗಳಲ್ಲಿ ಎಂಟು, ತಮ್ಮನಿಗೆ ಕೊಡಬೇಕಾಗಿದ್ದ ಉತ್ತರಗಳು. ಕಾಫಿಯ ಬೆಲೆ, ಬ್ಯಾಂಕಿನ ಸಾಲ, ತೋಟಕ್ಕೆ ಇಳಿಯುವ ಆನೆ, ಇವುಗಳಿಂದಲೇ ನಿದ್ರೆ ಹೋಗಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದ ನನಗೆ ಆ ಹಾಳೆಯನ್ನು ನೋಡಿ ಸಂಕೋಚವಾಯಿತು. ಎಂಟು ಸಾಲುಗಳ ಬಲಬದಿಯೂ ಖಾಲಿಯಿತ್ತು.

ಇನ್ನು ದೂರುಗಳು. ಕೊಠಡಿ ಮಹಡಿಯ ಮೇಲಿದೆ, ಕಾಯುವವರ ಕುರ್ಚಿಗಳು ರಸ್ತೆಗೆ ಮುಖ ಮಾಡಿದ ಜಗಲಿಯಲ್ಲಿದ್ದವು. ಎರಡನೆಯ ಭೇಟಿಯ ದಿನ ಕೆಳಗಿನ ಔಷಧಿ ಅಂಗಡಿಗೆ ಬಂದಿದ್ದ ನಮ್ಮೂರಿನವರೊಬ್ಬರು ತಲೆಯೆತ್ತಿ "ಏನು, ಇಲ್ಲಿ?" ಎಂದು ಕೇಳಿದರು, ಕಣ್ಣು ತೋರಿಸಲು ಬಂದೆ ಎಂದೆ. ಯಾರ ಮನೆಗೆ ಯಾರು ನೆಂಟರೆಂಬುದು ಎಲ್ಲರಿಗೂ ಗೊತ್ತಿರುವ ಜಿಲ್ಲೆಯಲ್ಲಿ ಇದು ಸಣ್ಣ ಲೋಪವಲ್ಲ. ಒಳಗಿನ ಅಡ್ಡಗೋಡೆಯೂ ಪ್ಲೈವುಡ್ಡಿನದು, ಏರಿದ ದನಿ ಹೊರಗೆ ಕೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ಹಕ್ಕೆಂದೇ ಹೇಳಿರುವಾಗ ಗೋಡೆಯ ಬಗ್ಗೆಯೂ ಯೋಚಿಸಬೇಕಿತ್ತು. ನಾನು ಇದನ್ನು ಹೇಳಿದ ಮೇಲೆ ಕುರ್ಚಿಗಳು ಒಳಗೆ ಬಂದವು, ಗೋಡೆ ಹಾಗೆಯೇ ಇದೆ.

ಒಂದು ಭೇಟಿಗೆ 800 ರೂಪಾಯಿ. ಸೋಮವಾರಪೇಟೆಯ ಕಡೆಯಿಂದ ಹೋಗಿಬರುವವರಿಗೆ ಒಂದು ದಿನವೇ ಕಳೆಯುತ್ತದೆ. ಫೋನಿನಲ್ಲೂ ಮಾತನಾಡುತ್ತಾರೆ, ಆದರೆ ಜುಲೈನಲ್ಲಿ ಕರೆಂಟಿನ ಜೊತೆಗೆ ಸಿಗ್ನಲ್ ಕೂಡ ಹೋಗುವ ನಮ್ಮಂಥವರಿಗೆ ಅದರಿಂದ ಪ್ರಯೋಜನವಿಲ್ಲ. ಹಣದ ಅಡಚಣೆಯಿರುವವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಯ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಪಾಲು ಇನ್ನೂ ಇತ್ಯರ್ಥವಾಗಿಲ್ಲ. ಹುತ್ತರಿಯ ಮರುದಿನ ತಮ್ಮನಿಗೆ ನಾನೇ ಫೋನ್ ಮಾಡಿದೆ. ಸರ್ವೆಯವರು ಬರುವ ದಿನದ ಬಗ್ಗೆ ಮಾತ್ರ ಮಾತನಾಡಿದೆವು, ನಾಲ್ಕು ನಿಮಿಷ.