1400 ಕ್ಲಾಸಿನಲ್ಲಿ 1590 ಸಿಸಿ ಎಂಜಿನ್: ಆಟೋಕ್ರಾಸ್‌ಗೆ ದುಡ್ಡು ಕಟ್ಟುವ ಮೊದಲು ಓದಿ

ಕಾರವಾರ, ಅಂಕೋಲಾ, ಕುಮಟಾ ಬದಿಯವರು ಯಾರಾದರೂ ಈ ಸೀಸನ್ನಿಗೆ ಘಟ್ಟದ ಮೇಲಿನ ಆಟೋಕ್ರಾಸ್‌ಗೆ (ಮಣ್ಣಿನ ಮೈದಾನದಲ್ಲಿ ಟೈಮ್ ನೋಡಿ ಗೆಲುವು ಹೇಳುವ ಕಾರು ಓಟ) ಎಂಟ್ರಿ ಹಾಕುವವರಿದ್ದರೆ ಸ್ವಲ್ಪ ನಿಲ್ಲಿ. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ನಡೆದದ್ದು ಬರೆಯುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಪೋಸ್ಟರಿನಲ್ಲಿ ನಾಲ್ಕು ಕ್ಲಾಸ್ ಇತ್ತು. 1100 ಸಿಸಿ ಒಳಗೆ, 1400 ಒಳಗೆ, 1650 ಒಳಗೆ, ಆಮೇಲೆ ಓಪನ್. ಮೊದಲ ಮೂರೂ ಸ್ಟಾಕ್, ಅಂದರೆ ಆ ಗಾಡಿಗೆ ಕಂಪನಿ ಕೊಟ್ಟ ಎಂಜಿನ್ನೇ ಇರಬೇಕು. ಪ್ರತಿ ಕ್ಲಾಸಿಗೂ ಮೂರು ಟ್ರೋಫಿ. ಎಂಟ್ರಿ 2,500 ರೂಪಾಯಿ. ನಮ್ಮದು 16 ವಾಲ್ವಿನ ಮಾರುತಿ ಎಸ್ಟೀಮ್, 1298 ಸಿಸಿ. ದೇವಿಮನೆ ಘಾಟಿ ಹತ್ತಿ ಬೆಳಿಗ್ಗೆ ಏಳಕ್ಕೆಲ್ಲ ಮೈದಾನದಲ್ಲಿದ್ದೆವು.

ಸ್ಕ್ರುಟಿನಿಯಲ್ಲಿ ಹೆಲ್ಮೆಟ್, ಬೆಲ್ಟ್, ಬ್ಯಾಟರಿ ಕ್ಲ್ಯಾಂಪ್ ನೋಡಿದರು. ಆರ್‌ಸಿ ನೋಡಿದರು, ಸ್ಟಿಕರ್ ಅಂಟಿಸಿದರು. ಎಂಜಿನ್ ನಂಬರ್ ಯಾರ ಗಾಡಿಯದ್ದೂ ನೋಡಲಿಲ್ಲ. ಅಲ್ಲೇ ಎದ್ದು ಬರಬೇಕಿತ್ತು. ಆಮೇಲೆ ಬ್ರೀಫಿಂಗ್‌ನಲ್ಲಿ, "1100ರಲ್ಲಿ ಮೂರೇ ಗಾಡಿ ಬಂದಿದೆ, 1400ರ ಜೊತೆ ಸೇರಿಸಿದ್ದೇವೆ" ಎಂದರು. ಅಂಕೋಲೆಯ ಹುಡುಗನೊಬ್ಬ 993 ಸಿಸಿ ಝೆನ್ ತಂದಿದ್ದ. ಅವನ ಮುಖ ನೋಡಲಾಗಲಿಲ್ಲ. ಕ್ಲಾಸ್ ಸೇರಿಸುವ ನಿಯಮ ಎಂಟ್ರಿ ಫಾರ್ಮಿನಲ್ಲಿ ಒಂದು ಸಾಲೂ ಇರಲಿಲ್ಲ.

ಚಿರೇಕಲ್ಲಿನ ಕೆಂಪು ಮಣ್ಣು, ನಾಲ್ಕು ಗಾಡಿ ಓಡುವಷ್ಟರಲ್ಲಿ ಹಿಟ್ಟಾಯಿತು. ಕೊನೆಯ ತಿರುವು ಏರಿನಲ್ಲಿ. ಅಲ್ಲಿ 1298ರ ಎಂಜಿನ್ ಸೆಕೆಂಡ್ ಗೇರಿನಲ್ಲಿ ಉಸಿರು ಬಿಡುತ್ತದೆ, ಫಸ್ಟಿಗೆ ಇಳಿಸಲೇಬೇಕು. ನಮ್ಮದೇ ಕ್ಲಾಸಿನ ಇನ್ನೊಂದು ಎಸ್ಟೀಮ್ ಮಾತ್ರ ಸೆಕೆಂಡಿನಲ್ಲೇ ಎಳೆದುಕೊಂಡು ಹೋಯಿತು. ಒಂದೂವರೆ ನಿಮಿಷದ ಓಟದಲ್ಲಿ ನಾಲ್ಕು ಸೆಕೆಂಡ್ ಅಂತರ. ಡ್ರೈವರ್ ಚೆನ್ನಾಗಿದ್ದಾನೆ ಅಂತಲೇ ಅಂದುಕೊಂಡೆ. ನಾನೇ ಹೋಗಿ ಕೈ ಕುಲುಕಿದೆ. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಟೈಮ್ ಶೀಟ್ ಬೋರ್ಡಿಗೆ ಹಾಕಲೇ ಇಲ್ಲ. ನೇರ ಮೈಕಿನಲ್ಲಿ ಹೆಸರು ಕರೆದು ಟ್ರೋಫಿ ಕೊಟ್ಟರು. ಅದಾದ ಮೇಲೆ ಗೆದ್ದ ಗಾಡಿಯ ಬಾನೆಟ್ ಎತ್ತಿ ಹುಡುಗರು ಫೋಟೋ ತೆಗೆಯುತ್ತಿದ್ದರು. ಬ್ಲಾಕಿನ ನಂಬರಿನ ಮೇಲೆ ಗ್ರೀಸ್ ಮೆತ್ತಿತ್ತು. ಬಟ್ಟೆಯಲ್ಲಿ ಒರೆಸಿದೆ. ಜಿ, ಒಂದು, ಆರು. ಹಳೇ ಬಲೆನೋ ಸೆಡಾನಿನ 1590 ಸಿಸಿ ಎಂಜಿನ್! ನಮ್ಮದರಲ್ಲಿ ಅದೇ ಜಾಗದಲ್ಲಿ ಜಿ13 ಇದೆ.

ಓಡಿಸಿದವ ಹೇಳಿದ್ದು: "ಬೋರ್ ಹೊಡೆಸಿದ್ದು ಅಷ್ಟೇ ಮಾರಾಯಾ."

ಬೋರ್ ಹೊಡೆಸುವುದು ಅಂದರೆ ಸಿಲಿಂಡರಿನ ತೂತನ್ನು ಕೊರೆದು ಅಗಲ ಮಾಡಿಸುವುದು. ಅದಕ್ಕೆ ನನ್ನ ತಕರಾರಿಲ್ಲ. 74 ಮಿ.ಮೀ. ಬೋರನ್ನು ಅರ್ಧ ಮಿ.ಮೀ. ಓವರ್‌ಸೈಜ್ ಮಾಡಿದರೆ 1298 ಇದ್ದದ್ದು ಸುಮಾರು 1316 ಆಗುತ್ತದೆ, 1400ರ ಒಳಗೇ ಇರುತ್ತದೆ. ಬರೀ ಬೋರಿನಿಂದ 1590 ಬರಬೇಕಾದರೆ 74 ಇದ್ದದ್ದು 82ರ ಹತ್ತಿರ ಹೋಗಬೇಕು. ಸಿಲಿಂಡರ್ ಗೋಡೆ ಎಲ್ಲಿ ಉಳಿಯುತ್ತದೆ? ವ್ಯತ್ಯಾಸ ಇರುವುದು ಸ್ಟ್ರೋಕಿನಲ್ಲಿ, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡಾಡುವ ದೂರದಲ್ಲಿ. 1298ಕ್ಕೆ 75.5 ಮಿ.ಮೀ., 1590ಕ್ಕೆ 90.

ಇದನ್ನು ಅಳೆಯಲು ಹೆಡ್ ಬಿಚ್ಚುವುದೇ ಬೇಡ. ಗೇರ್ ನ್ಯೂಟ್ರಲ್, ನಾಲ್ಕೂ ಪ್ಲಗ್ ತೆಗೆಯಿರಿ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಮೊಳದುದ್ದದ ಹಿತ್ತಾಳೆ ಸರಳು ಇಳಿಸಿ ಪಿಸ್ಟನ್ ತಲೆಗೆ ಮುಟ್ಟಿಸಿ. ಕ್ರ್ಯಾಂಕ್ ಪುಲಿಗೆ ಸಾಕೆಟ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ಪಿಸ್ಟನ್ ಪೂರ್ತಿ ಮೇಲಿದ್ದಾಗ ಸರಳಿಗೊಂದು ಗೆರೆ, ಪೂರ್ತಿ ಕೆಳಗಿದ್ದಾಗ ಇನ್ನೊಂದು. ಎರಡರ ನಡುವಿನ ಅಂತರವೇ ಸ್ಟ್ರೋಕ್. ಸರಳು ನೆಟ್ಟಗಿರಲಿ, ಓರೆಯಾದರೆ ಲೆಕ್ಕ ತಪ್ಪುತ್ತದೆ. ಆದರೂ ಹದಿನಾಲ್ಕೂವರೆ ಮಿ.ಮೀ. ವ್ಯತ್ಯಾಸ ಎಂಥವರ ಕಣ್ಣಿಗೂ ಕಾಣುತ್ತದೆ. ಹತ್ತು ನಿಮಿಷದ ಕೆಲಸ. ಹತ್ತೇ ನಿಮಿಷ!

ಆಯೋಜಕರ ಹತ್ತಿರ ಹೋಗಿ, "ಅಣ್ಣಾ, ಅಳೆದು ನೋಡುವ, ಸಾಮಾನೆಲ್ಲ ನಮ್ಮ ಹತ್ತಿರವೇ ಇದೆ" ಎಂದೆ.

"ಆರ್‌ಸಿಯಲ್ಲಿ 1298 ಅಂತಲೇ ಉಂಟಲ್ಲ ತಮಾ."

ಆರ್‌ಸಿ ಹೇಳುವುದು ಗಾಡಿ ಕಾರ್ಖಾನೆಯಿಂದ ಬಂದಾಗ ಏನಿತ್ತು ಅಂತ. ಇವತ್ತು ಬಾನೆಟ್ ಅಡಿಯಲ್ಲಿ ಏನಿದೆ ಅಂತ ಅದಕ್ಕೆ ಹೇಗೆ ಗೊತ್ತಿರುತ್ತದೆ? ಇದನ್ನು ಹೇಳಿದ್ದಕ್ಕೆ, "ಪ್ರೊಟೆಸ್ಟ್ ಕೊಡುವುದಿದ್ದರೆ 5,000 ಕಟ್ಟು" ಎಂದರು. ಕಟ್ಟುತ್ತೇನೆ ಎಂದೆ. ಆಗ ಬಂದ ಉತ್ತರ:

"ಪ್ರೈಜ್ ಕೊಟ್ಟಾಯ್ತಲ್ಲ, ಈಗ ಎಂತಾ ಪ್ರೊಟೆಸ್ಟ್?"

ಮೋಸ ಹೋದೆ ಅಂತ ಪೂರ್ತಿ ಗೊತ್ತಾದದ್ದು ಆಗ. ಫಲಿತಾಂಶ ಮೊದಲು ತಾತ್ಕಾಲಿಕ ಅಂತ ಬೋರ್ಡಿಗೆ ಹಾಕಬೇಕು, ಹಾಕಿದ ಗಂಟೆ ಬರೆಯಬೇಕು, ಅಲ್ಲಿಂದ 30 ನಿಮಿಷ ತಕರಾರಿಗೆ ಬಿಡಬೇಕು. ಅಷ್ಟು ಹೊತ್ತು ಮೊದಲ ಮೂರು ಗಾಡಿ ಹಗ್ಗದೊಳಗೆ ನಿಲ್ಲಬೇಕು, ಯಾರೂ ಮುಟ್ಟಬಾರದು. ಟ್ರೋಫಿ ಅದಾದ ಮೇಲೆ. ಇವರು ಬೋರ್ಡಿಗೇ ಹಾಕಲಿಲ್ಲ, ಹಾಗಾಗಿ ಆ 30 ನಿಮಿಷ ಶುರುವೇ ಆಗಲಿಲ್ಲ. ಶುರುವಾಗದ ಗಡುವು ಮುಗಿದೇ ಹೋಯಿತು ಅನ್ನುತ್ತಾರೆ!

ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ, ಬರಹದಲ್ಲೇ ಕೇಳಿ. ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಪರವಾನಗಿ ಇದೆಯಾ? ಗೆದ್ದ ಗಾಡಿಯ ಎಂಜಿನ್ ಅಳೆಯುವವರು ಯಾರು? ಕ್ಲಾಸಿಗೆ ಕನಿಷ್ಠ ಎಷ್ಟು ಗಾಡಿ, ಬರದಿದ್ದರೆ ಎಂಟ್ರಿ ದುಡ್ಡು ವಾಪಸ್ಸಾ? ಟರ್ಬೋ ಗಾಡಿಗಳಿಗೆ ಗುಣಕ ಹಾಕುತ್ತಾರಾ, ಅಂದರೆ ಟರ್ಬೋದ ಹೆಚ್ಚಿನ ಶಕ್ತಿಗಾಗಿ ಸಿಸಿಯನ್ನು ಗುಣಿಸಿ ಕ್ಲಾಸ್ ಹಿಡಿಯುತ್ತಾರಾ? ಜಾಗತಿಕ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಐಎ ಲೆಕ್ಕದ 1.7 ಹಿಡಿದರೆ 998 ಸಿಸಿ ಪೆಟ್ರೋಲ್ ಟರ್ಬೋ 1697 ಆಗುತ್ತದೆ. ಗುಣಕ ಹಾಕದಿದ್ದರೆ ಅದು ಸೀದಾ 1100ರಲ್ಲಿ ಬಂದು ಆ ಝೆನ್ ಹುಡುಗನ ಪಕ್ಕದಲ್ಲಿ ನಿಲ್ಲುತ್ತದೆ. ಬಾಯಿಮಾತಿನಲ್ಲಿ "ಎಲ್ಲಾ ಸರಿ ಉಂಟು" ಅಂದರೆ ಕಟ್ಟಬೇಡಿ. ನಮಗೂ ಹಾಗೇ ಅಂದಿದ್ದರು.

ಎಂಜಿನ್ ನಂಬರಿನ ಫೋಟೋ ಅದೇ ರಾತ್ರಿ ಆಯೋಜಕರಿಗೆ ಕಳಿಸಿದೆ. ನೋಡಿದ್ದಾರೆ. ಮೂರನೇ ದಿನ "ಮುಂದಿನ ಸಲ ನೋಡುವ" ಅಂತ ಉತ್ತರ ಬಂತು. ಟ್ರೋಫಿ ಆ 1590 ಓಡಿಸಿದವನ ಹತ್ತಿರವೇ ಇದೆ. ಝೆನ್ ಹುಡುಗನ 2,500 ಇವತ್ತಿನವರೆಗೂ ವಾಪಸ್ ಬಂದಿಲ್ಲ.